ಬಾರಾಮತಿಯ ಕೊಟ್ಟಿಗೆಯಲ್ಲಿ ಮೈಸೂರಿನ ಜಾವಾ

ಕಳೆದ ಭಾನುವಾರದ ಮಾತು ಕೇಳೋಕೆ ಪುರುಸೊತ್ತಾಗದವರಿಗೆ, ಮತ್ತೆ ಕೇಳಿಯೂ "ಆ ಸ್ಪ್ರಿಂಗ್ ವಿಚಾರ ಇನ್ನೊಂದ್ ಸಲ ಹೇಳಿ" ಅಂದವರಿಗೆ ಇದು ಅದರ ಬರಹ ರೂಪ. ಮಾತಿನಲ್ಲಿ ಬಿಟ್ಟುಹೋದ ಒಂದೆರಡು ಸಂಗತಿಗಳನ್ನ ಇಲ್ಲಿ ಸೇರಿಸಿದ್ದೀನಿ.

ನನ್ನ ಕೆಲಸ ಹಿಂಜವಡಿಯಲ್ಲಿ, ಬಾಡಿಗೆ ಮನೆ ವಾಕಡ್‌ನಲ್ಲಿ, ಊರು ಮೈಸೂರು. ನಿಮ್ಮಲ್ಲಿ ಅರ್ಧ ಜನರದ್ದೂ ಹೆಚ್ಚುಕಮ್ಮಿ ಇದೇ ಕಥೆ. ಎರಡು ವರ್ಷದ ಹಿಂದೆ ದೀಪಾವಳಿಗೆ ಊರಿಗೆ ಹೋಗೋಕೆ ಟಿಕೆಟ್ ಸಿಗಲಿಲ್ಲ. ನನ್ನ ಟೀಮಿನ ಗೆಳೆಯ "ನಮ್ಮನೆಗೆ ಬಾ" ಅಂತ ಬಾರಾಮತಿಗೆ ಕರ್ಕೊಂಡು ಹೋದ. ಪುಣೆಯಿಂದ ಸುಮಾರು ನೂರು ಕಿಲೋಮೀಟರ್. ನೀರಾ ಎಡದಂಡೆ ಕಾಲುವೆಯ ನೀರು, ಎತ್ತ ನೋಡಿದರೂ ಕಬ್ಬು. ಅವರ ಕೊಟ್ಟಿಗೆಯಲ್ಲಿ ಮೇವು ಕತ್ತರಿಸೋ ಯಂತ್ರದ ಹಿಂದೆ, ಗೋಣಿಚೀಲಗಳ ಕೆಳಗೆ ಒಂದು ಬೈಕು ಮಲಗಿತ್ತು. ಮೇಲೆ ಯಾರೋ ಬಾಗಿಲಿಗೆ ಬಳಿಯೋ ಹಸಿರು ಪೇಂಟ್ ಬಳಿದಿದ್ದರು. ಆದರೆ ಟ್ಯಾಂಕಿನ ಆಕಾರ, ಎರಡು ಕಡೆಗೂ ಇಳಿದ ಎರಡು ಸೈಲೆನ್ಸರ್ ನೋಡಿದ್ರೆ ಮೈಸೂರಿನವನಿಗೆ ಗುರುತು ಸಿಗದೇ ಇರುತ್ತಾ? ಬಟ್ಟೆ ತಗೊಂಡು ಪ್ಲೇಟ್ ಒರೆಸಿದೆ. ಐಡಿಯಲ್ ಜಾವಾ (ಇಂಡಿಯಾ) ಲಿಮಿಟೆಡ್, ಮೈಸೂರು.

ನಮ್ಮಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅವರ ಹತ್ರಾನೂ ಒಂದು ಜಾವಾ ಇತ್ತು, ಬ್ಯಾಂಕಿಗೆ ಹೋಗಿಬರೋಕೆ. ನನ್ನ ಇಂಜಿನಿಯರಿಂಗ್ ಸೀಟಿನ ವರ್ಷ ಅದನ್ನ ಮಾರಿದ್ರು. ಆ ವಿಷಯ ನಮ್ಮನೇಲಿ ಯಾರೂ ಎತ್ತಲ್ಲ. ಅಪ್ಪ ಕನ್ನಡಕ ಹಾಕ್ಕೊಂಡು ಪರದೆಗೆ ಮುಖ ಒತ್ತಿ ನೋಡಿದ್ರು. "ಹೆಡ್‌ಲೈಟಿನ ಮೇಲೆ ಪಿನ್ನು ಇದ್ಯೇನೋ?" ಅಂದ್ರು. ಹಳೇ ಜಾವಾಕ್ಕೆ ಬೀಗದಕೈ ಅಂದ್ರೆ ಒಂದು ಸಣ್ಣ ಪಿನ್ನು. ಒಬ್ಬರ ಗಾಡಿಯ ಪಿನ್ನು ಇನ್ನೊಬ್ಬರ ಗಾಡಿಗೂ ಆಗ್ತಿತ್ತು. ಪಿನ್ನು ಇರಲಿಲ್ಲ. "ಪರವಾಗಿಲ್ಲ ಬಿಡು, ನನ್ನ ಹತ್ರ ಇದೆ" ಅಂದ್ರು. ಗಾಡಿ ಮಾರಿ ಇಪ್ಪತ್ತು ವರ್ಷದ ಮೇಲಾಗಿದೆ, ಪಿನ್ನು ಇಟ್ಕೊಂಡಿದ್ದಾರೆ!

ಗೆಳೆಯನ ಅಜ್ಜ 1968ರಲ್ಲಿ ತಗೊಂಡಿದ್ದ ಗಾಡಿ ಅದು. ಅಜ್ಜ ಈಗಿಲ್ಲ. ಕೊಡ್ತೀರಾ ಅಂತ ಅಜ್ಜಿಯನ್ನ ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: ಮಾರೋದಿಲ್ಲ. ಓಡೋ ಹಾಗೆ ಮಾಡ್ತೀಯಾದ್ರೆ ಮಾಡು, ಬಂದಾಗೆಲ್ಲ ಓಡಿಸು, ಆದರೆ ಗಾಡಿ ಇಲ್ಲೇ ಇರಬೇಕು. ನಾನು ಒಪ್ಪಿಕೊಂಡೆ. ನನ್ನ ಆಸೆ ಒಂದೇ. ಸೊಂಟನೋವಿನ ಎಪ್ಪತ್ತನಾಲ್ಕರ ಅಪ್ಪನನ್ನ ಒಂದ್ ಸಲ ಇದರ ಹಿಂದೆ ಕೂರಿಸಿಕೊಂಡು ಹೋಗಬೇಕು.

ಮೊದಲ ತಪ್ಪು

ತಪ್ಪು ಮಾಡಿದ್ದು ನಾನೇ. ಮೊದಲು ದುಡ್ಡು ಸುರಿದದ್ದು ಹೊಳಪಿಗೆ. ಟ್ಯಾಂಕಿಗೆ ಕ್ರೋಮ್, ಮೈಗೆ ಮೆರೂನ್ ಬಣ್ಣ. ಬಾರಾಮತಿಯ ಹಳೇ ಮಿಸ್ತ್ರಿಯೊಬ್ಬರು ಇಂಜಿನ್ ಬಿಚ್ಚಿದ್ರು. ಎಲ್ಲರೂ ಅವರನ್ನ ಕಾಕಾ ಅಂತಾರೆ, ನಾನೂ ಹಾಗೇ ಕರೆದೆ. ಪಿಸ್ಟನ್ ಜಾಮ್ ಆಗಿತ್ತು, ಬೋರ್ ಮಾಡಿಸಿದೆವು. ಕ್ರ್ಯಾಂಕಿನ ಬೇರಿಂಗು, ಆಯಿಲ್ ಸೀಲು ಬದಲಾಯಿತು. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಹೋಗಿ ಆಮೇಲೆ ಮೇಲಕ್ಕೆ ಬರೋದು. ಅಲ್ಲಿನ ಸೀಲ್ ಸೋರಿದ್ರೆ ಕಾರ್ಬುರೇಟರ್ ಎಷ್ಟು ತಿರುಗಿಸಿದ್ರೂ ಪ್ರಯೋಜನ ಇಲ್ಲ. ಸೈಲೆನ್ಸರ್ ಒಳಗಿನ ಮಸಿ ತೆಗೆಸಿ, ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್‌ಗೆ ಇಟ್ಟು, ಲೀಟರಿಗೆ 40 ಎಂಎಲ್ ಆಯಿಲ್ ಬೆರೆಸಿ ಕಿಕ್ ಹೊಡೆದಾಗ, ಆರನೇ ಕಿಕ್ಕಿಗೆ ಗಾಡಿ ಎದ್ದಿತು. "ಗಾಡಿ ಚಾಲೂ ಝಾಲಿ!" ಅಂತ ಕಾಕಾ ಕೂಗಿದ್ರು. ಅಜ್ಜಿ ಅರಿಶಿನ ಕುಂಕುಮ ತಂದರು.

ಹತ್ತು ಕಿಲೋಮೀಟರ್ ಓಡಿಸಿ ಬಂದೆ. ಇಳಿಯೋಕೆ ಆಗಲಿಲ್ಲ. ಸೊಂಟ ಹಿಡಿದಿತ್ತು, ಮಣಿಕಟ್ಟು ಜೋಮು ಹಿಡಿದಿತ್ತು. ನನಗೇ ಹೀಗಾದರೆ ಅಪ್ಪನ ಗತಿ? "ಹಳೇ ಗಾಡಿ ಅಂದ್ರೆ ಹಂಗೇ" ಅಂದ ಗೆಳೆಯ. ಅಪ್ಪ ಫೋನಲ್ಲಿ ಬೇರೆ ಮಾತು ಹೇಳಿದ್ರು: "ಸುಳ್ಳು. ಜಾವಾ ಹಾಗಿರಲಿಲ್ಲ ಕಣೋ. ನಿಮ್ಮಮ್ಮನ್ನ ಕೂರಿಸ್ಕೊಂಡು ಮಡಿಕೇರಿಗೆ ಹೋಗಿದೀನಿ."

ಇಬ್ಬರಲ್ಲಿ ಯಾರು ಸರಿ? ಉತ್ತರ ಹುಡುಕೋಕೆ ಹೋಗಿ ನಾನು ಈ ಗಾಡಿಯ ಚರಿತ್ರೆ ಓದೋಕೆ ಶುರುಮಾಡಿದೆ.

ಸ್ಪ್ರಿಂಗಿನ ಹೆಸರಿನ ಬೈಕು

ಜಾವಾ ಹುಟ್ಟಿದ್ದು 1929ರಲ್ಲಿ, ಪ್ರಾಗ್‌ನಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟರ್‌ಸೈಕಲ್ ತಯಾರಿಸುವ ಹಕ್ಕು ಕೊಂಡ. ಅವನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿ ಜಾವಾ. ಇಂಡೋನೇಷ್ಯಾದ ದ್ವೀಪಕ್ಕೂ ಇದಕ್ಕೂ ಸಂಬಂಧ ಇಲ್ಲ.

ಎರಡನೇ ಮಹಾಯುದ್ಧದಲ್ಲಿ ಆ ದೇಶ ಜರ್ಮನರ ಕೈಯಲ್ಲಿತ್ತು. ಕಾರ್ಖಾನೆ ಸೈನ್ಯದ ಕೆಲಸ ಮಾಡಬೇಕಿತ್ತು. ಅಲ್ಲಿನ ಇಂಜಿನಿಯರುಗಳು ಗುಟ್ಟಾಗಿ, ಯುದ್ಧ ಮುಗಿದ ಮೇಲೆ ಬೇಕಾಗೋ ಒಂದು 250 ಸಿಸಿ ಬೈಕನ್ನ ರೂಪಿಸುತ್ತಾ ಇದ್ದರು. ಯಾನೆಚೆಕ್ 1941ರಲ್ಲೇ ತೀರಿಕೊಂಡ, ಅದನ್ನ ನೋಡಲಿಲ್ಲ. 1946ರಲ್ಲಿ ಆ ಬೈಕು ಹೊರಗೆ ಬಂತು. ಜನ ಅದಕ್ಕೆ ಇಟ್ಟ ಅಡ್ಡಹೆಸರು ಪೇರಾಕ್. ಚೆಕ್ ಭಾಷೆಯಲ್ಲಿ ಪೇರೊ ಅಂದ್ರೆ ಸ್ಪ್ರಿಂಗು. ಹಿಂದಿನ ಚಕ್ರಕ್ಕೆ ಸ್ಪ್ರಿಂಗು ಇದೆ ಅನ್ನೋದೇ ಆಗ ಸುದ್ದಿ, ಯಾಕಂದ್ರೆ ಆ ಕಾಲದ ಎಷ್ಟೋ ಬೈಕುಗಳಲ್ಲಿ ಹಿಂದಿನ ಚಕ್ರ ಚೌಕಟ್ಟಿಗೇ ಬಿಗಿದಿರುತ್ತಿತ್ತು. 1954ರಲ್ಲಿ ಮುಂದಿನ ಮಾದರಿ ಬಂತು. ಅದರ ಹೆಸರಿನ ಸಂಖ್ಯೆ 353. ಇದರಲ್ಲಿ ಹಿಂದಿನ ಚಕ್ರ ಒಂದು ತೂಗುವ ತೋಳಿನ ಮೇಲೆ ನಿಂತಿತು, ಅದೇ ಸ್ವಿಂಗ್ ಆರ್ಮ್. ಜನ ಇದಕ್ಕೆ ಕೀವಾಚ್ಕಾ ಅಂದರು. ತೂಗಾಡೋಳು ಅಂತ ಅರ್ಥ.

ಎರಡೂ ಸಲ ಜನ ಹೆಸರಿಟ್ಟದ್ದು ವೇಗಕ್ಕಲ್ಲ, ಕುದುರೆಶಕ್ತಿಗೂ ಅಲ್ಲ. ಬೆನ್ನಿಗೆ ಪೆಟ್ಟಾಗದ ಹಾಗೆ ಕೂರಿಸಿತಲ್ಲ, ಅದಕ್ಕೆ. ಮೈಸೂರಿನಲ್ಲಿ ತಯಾರಾದದ್ದು ಈ ತೂಗಾಡೋಳೇ. ಅಪ್ಪ ಸುಳ್ಳು ಹೇಳಿರಲಿಲ್ಲ.

ಮೈಸೂರಿಗೆ ಹೇಗೆ ಬಂತು?

ಇಲ್ಲಿ ಬಾರಾಮತಿ ಸೀಮೆಯವರೇ ಒಬ್ಬರು ಕಥೆಯೊಳಗೆ ಬರ್ತಾರೆ. ಬಾರಾಮತಿಯಿಂದ ಇಂದಾಪುರದ ಕಡೆ ಹೋದರೆ ವಾಲಚಂದನಗರ ಸಿಗುತ್ತೆ. ಸೊಲ್ಲಾಪುರದ ವಾಲಚಂದ್ ಹೀರಾಚಂದ್ ಕಟ್ಟಿದ ಸಕ್ಕರೆ ಊರು. ಇದೇ ವಾಲಚಂದ್ 1930ರ ದಶಕದ ಕೊನೆಗೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಜೊತೆ ಸೇರಿ ಬೆಂಗಳೂರಿನಲ್ಲಿ ಕಾರು ಕಾರ್ಖಾನೆ ತೆರೆಯೋಕೆ ಓಡಾಡಿದರು. ವಿಶ್ವೇಶ್ವರಯ್ಯನವರಿಗೂ ಈ ಸೀಮೆ ಹೊಸದಲ್ಲ. ಅವರು ಇಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ, ಅವರ ಸ್ವಯಂಚಾಲಿತ ಗೇಟುಗಳು ಮೊದಲು ನಿಂತದ್ದು 1903ರಲ್ಲಿ, ಖಡಕ್‌ವಾಸ್ಲಾದಲ್ಲಿ. ನಾವು ಭಾನುವಾರ ಭಜಿ ತಿನ್ನೋಕೆ ಹೋಗ್ತೀವಲ್ಲ, ಅದೇ ಅಣೆಕಟ್ಟು.

ಕಾರು ಕಾರ್ಖಾನೆಗೆ ಬ್ರಿಟಿಷ್ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ಅದರ ಬದಲು 1940ರಲ್ಲಿ ಮೈಸೂರು ಸರ್ಕಾರ, ವಾಲಚಂದ್ ಸೇರಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಕಟ್ಟಿದರು. ಅದೇ ಇಂದಿನ ಎಚ್‌ಎಎಲ್. ಕಾರಿನ ಕನಸು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಆಗಿ ಮುಂಬಯಿಗೆ ಹೋಯಿತು. ಮೈಸೂರು ಸೀಮೆಗೆ ಬರಬೇಕಿದ್ದ ವಾಹನ ಕಾರ್ಖಾನೆ ಕೈತಪ್ಪಿತು. ಮತ್ತೆ ಆ ಅವಕಾಶ ಬಂದದ್ದು ಇಪ್ಪತ್ತು ವರ್ಷದ ಮೇಲೆ, ಎರಡು ಚಕ್ರದ ಮೇಲೆ.

ಮುಂಬಯಿಯ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ 1950ರ ದಶಕದಲ್ಲಿ ಜಾವಾ ಬೈಕುಗಳನ್ನ ಹೊರಗಿನಿಂದ ತರಿಸಿ ಮಾರುತ್ತಿದ್ದರು. ಸರ್ಕಾರ ಆಮದು ನಿಲ್ಲಿಸಿತು. ಮಾರಬೇಕು ಅಂದ್ರೆ ಇಲ್ಲೇ ತಯಾರಿಸಬೇಕು. ಜಯಚಾಮರಾಜೇಂದ್ರ ಒಡೆಯರ್ ಆಗ ರಾಜ್ಯಪಾಲರು. ಅವರ ಪ್ರೋತ್ಸಾಹದಿಂದ ಯಾದವಗಿರಿಯಲ್ಲಿ ಕಾರ್ಖಾನೆ ಎದ್ದಿತು, ಉದ್ಘಾಟನೆ ಮಾಡಿದವರೂ ಅವರೇ. 1961ರಿಂದ ಬೈಕುಗಳು ಹೊರಗೆ ಬಂದವು. ಶುರುವಿನಲ್ಲಿ ಚೆಕ್ ಬಿಡಿಭಾಗಗಳು, ಬರಬರುತ್ತಾ ಬಹುಪಾಲು ಇಲ್ಲೇ ತಯಾರಾದವು.

ಆಗ ದೇಶದಲ್ಲಿ ಬೈಕ್ ಅಂದ್ರೆ ಮೂರೇ ಹೆಸರು. ಮದ್ರಾಸಿನ ಬುಲೆಟ್, ಫರೀದಾಬಾದಿನ ರಾಜದೂತ್, ಮೈಸೂರಿನ ಜಾವಾ. ಜಾವಾದ್ದು ಒಂದೇ ಸಿಲಿಂಡರಿನ 248.5 ಸಿಸಿ ಟೂ ಸ್ಟ್ರೋಕ್ ಇಂಜಿನ್, 12 ಕುದುರೆಶಕ್ತಿ, ನಾಲ್ಕು ಗೇರು. ಒಂದೇ ಸಿಲಿಂಡರ್, ಆದರೂ ಎರಡು ಸೈಲೆನ್ಸರ್. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಗೇರ್ ಒತ್ತಿದರೆ ಕ್ಲಚ್ ತಾನೇ ಬಿಟ್ಟುಕೊಳ್ಳುತ್ತೆ, ಕೈ ಹಿಡಿಯದಿದ್ದರೂ ನಡೆಯುತ್ತೆ. ಹಿಂದಿನ ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ. ಪಂಚೆ ಉಟ್ಟವರು, ಸೀರೆ ಉಟ್ಟವರು ಹಿಂದೆ ಕೂತಾಗ ಆ ಪೆಟ್ಟಿಗೆಯ ಬೆಲೆ ಗೊತ್ತಾಗೋದು.

ಒಪ್ಪಂದ ಮುಗಿದ ಮೇಲೆ, 1973ರಿಂದ ಹೆಸರು ಯೆಜ್ದಿ ಆಯಿತು. ಇರಾನಿನ ಯಜ್ದ್ ಊರಿನ ನೆನಪಿಗೆ ಅನ್ನೋದು ಪ್ರಚಲಿತ ವಿವರಣೆ. ಚೆಕ್ ಭಾಷೆಯಲ್ಲಿ ಅದೇ ಸದ್ದಿನ ಪದಕ್ಕೆ ಸವಾರಿ ಮಾಡ್ತಾನೆ ಅನ್ನೋ ಅರ್ಥವೂ ಇದೆ. ಪುಣೆಯಲ್ಲೂ ಆಗ ಹಾಗೇ ಆಗಿತ್ತು. ಪಿಯಾಜಿಯೋ ಜೊತೆಗಿನ ಒಪ್ಪಂದ 1971ರಲ್ಲಿ ಮುಗಿದಾಗ ಬಜಾಜ್‌ನವರು ವೆಸ್ಪಾ ಹೆಸರು ಬಿಟ್ಟು 1972ರಲ್ಲಿ ಚೇತಕ್ ತಂದರು. ಹೊರದೇಶದ ಗಾಡಿಗಳು ಇಲ್ಲಿ ಬೇರುಬಿಟ್ಟು, ಇಲ್ಲಿನ ಹೆಸರಿಟ್ಟುಕೊಂಡ ಕಾಲ ಅದು.

ಬಾರಾಮತಿ ಮಾಡಿದ ಬದಲಾವಣೆ

ಹಾಗಾದ್ರೆ ನಮ್ಮ ಗಾಡಿ ಯಾಕೆ ಸೊಂಟ ಮುರೀತು? ಕಾಕಾ ಜೊತೆ ಕೂತು ಒಂದೊಂದೇ ನೋಡಿದೆವು.

ಅಜ್ಜ ಈ ಗಾಡಿಯಲ್ಲಿ ದಿನಾ ಎರಡು ಹಾಲಿನ ಕ್ಯಾನು, ಸಾಯಂಕಾಲ ಮೇವಿನ ಹೊರೆ ಸಾಗಿಸುತ್ತಿದ್ದರು. ಭಾರಕ್ಕೆ ಹಿಂಭಾಗ ಕುಸಿಯುತ್ತೆ ಅಂತ ಹಿಂದಿನ ಶಾಕ್ ಅಬ್ಸಾರ್ಬರಿಗೆ ಗಟ್ಟಿ ಸ್ಪ್ರಿಂಗ್ ಹಾಕಿಸಿದ್ದರು. ಟೈರಿಗೆ ಗಾಳಿ 40 ಪಿಎಸ್‌ಐ ಹತ್ತಿರ. ಆಮೇಲೆ ಗೆಳೆಯನ ಚಿಕ್ಕಪ್ಪ ಕಾಲೇಜಿಗೆ ಹೋಗುವಾಗ ಫ್ಯಾಷನ್ನಿಗೆ ಚಪ್ಪಟೆ ಹ್ಯಾಂಡಲ್ ಹಾಕಿಸಿದ. ಸೀಟಿನ ಫೋಮು ಹರಿದಾಗ ಚೂರು ಫೋಮು ಒತ್ತಿ ಮಾಡಿದ, ಹಲಗೆಯಂಥದ್ದನ್ನ ತುಂಬಿದರು. ಯಾವುದೂ ತಪ್ಪಲ್ಲ. ಆಯಾ ಕಾಲಕ್ಕೆ ಮನೆಗೆ ಏನು ಬೇಕಿತ್ತೋ ಅದನ್ನೇ ಗಾಡಿ ಮಾಡಿತು. ಆದರೆ ಹಾಲು ಹೊರುವ ಗಾಡಿಯಲ್ಲಿ ನಾನು ಹಾಲಿಲ್ಲದೆ ಕೂತಿದ್ದೆ!

ಸರಿಮಾಡಿದ್ದು ಹೀಗೆ. ನಿಮ್ಮ ಹತ್ರ ಹಳೇ ಗಾಡಿ ಇದ್ರೆ ಈ ಕ್ರಮ ಇಟ್ಕೊಳ್ಳಿ, ಬಣ್ಣ ಕೊನೆಗೆ.

ಮೊದಲು ಸ್ವಿಂಗ್ ಆರ್ಮ್. ಅದರ ಬುಷ್ ಸವೆದು ಹಿಂದಿನ ಚಕ್ರ ಅಡ್ಡಡ್ಡ ಅಲುಗುತ್ತಿತ್ತು. ಹೊಸ ಬುಷ್ ತಿರುಗಿಸಿ ಹಾಕಿಸಿದೆವು. ಇದು ಸರಿಯಿಲ್ಲದೆ ಸ್ಪ್ರಿಂಗ್ ಬದಲಾಯಿಸಿ ಏನೂ ಉಪಯೋಗ ಇಲ್ಲ.

ಆಮೇಲೆ ಸ್ಪ್ರಿಂಗ್. ಗಾಡಿಯ ಹಿಂಭಾಗ ಎತ್ತಿ, ಚಕ್ರದ ಅಚ್ಚಿನಿಂದ ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಅಳೆದೆವು. ಇಳಿಸಿ, ನಾನು ಕೂತಾಗ ಮತ್ತೆ ಅಳೆದೆವು. ಗಟ್ಟಿ ಸ್ಪ್ರಿಂಗಿನಲ್ಲಿ ಗಾಡಿ ಬೆರಳಗಲವೂ ಕೂರಲಿಲ್ಲ. ಆರಾಮಾಗಿ ಹೋಗಬೇಕು ಅಂದ್ರೆ, ಒಟ್ಟು ಎಷ್ಟು ಮೇಲೆ ಕೆಳಗೆ ಆಡಬಲ್ಲದೋ ಅದರ ಮೂರನೇ ಒಂದು ಭಾಗದಷ್ಟು ಸವಾರನ ಭಾರಕ್ಕೇ ಕೂರಬೇಕು. ಸ್ಪ್ರಿಂಗಿನ ಕೆಲಸ ಬರೀ ಉಬ್ಬಿನ ಮೇಲೆ ಕುಗ್ಗೋದಲ್ಲ, ಗುಂಡಿ ಬಂದಾಗ ಚಕ್ರವನ್ನ ಕೆಳಕ್ಕೆ ಇಳಿಸೋದೂ ಹೌದು. ಕೂರದ ಸ್ಪ್ರಿಂಗಿಗೆ ಇಳಿಯೋಕೆ ಜಾಗವೇ ಇರಲ್ಲ. ಗುಂಡಿ ಬಂದ ಕೂಡಲೇ ಗಾಡಿ, ಬೆನ್ನು ಎರಡೂ ಒಟ್ಟಿಗೆ ಬೀಳುತ್ವೆ. ಮೆತ್ತನೆಯ ಸ್ಪ್ರಿಂಗ್ ಹಾಕಿ, ಮುಂದಿನ ಫೋರ್ಕಿಗೆ ಹೊಸ ಆಯಿಲ್ ತುಂಬಿ, ಗಾಳಿ ಇಳಿಸಿದೆವು. ಅರ್ಧ ನೋವು ಅಲ್ಲೇ ಹೋಯಿತು.

ಮೂರನೇದು ಕೂರುವ ಭಂಗಿ. ಹಳೇ ಮಾದರಿಯ, ಸವಾರನ ಕಡೆಗೆ ಬಾಗಿದ ಹ್ಯಾಂಡಲ್ ಹುಡುಕಿ ತಂದೆವು. ಬೆನ್ನು ನೆಟ್ಟಗೆ, ಮೊಣಕೈ ಸ್ವಲ್ಪ ಮಡಿಚಿ ಕೂತಾಗ ಕೈ ಎಲ್ಲಿಗೆ ಬರುತ್ತೋ ಅಲ್ಲಿ ಹಿಡಿ ಇರಬೇಕು. ಕ್ಲಚ್, ಬ್ರೇಕ್ ಲಿವರುಗಳು ಮುಂಗೈ ನೇರಕ್ಕೆ ಇಳಿದಿರಬೇಕು. ಲಿವರ್ ಮೇಲಕ್ಕಿದ್ದದ್ದಕ್ಕೇ ನನ್ನ ಮಣಿಕಟ್ಟು ಜೋಮು ಹಿಡಿದದ್ದು.

ಕೊನೆಗೆ ಸೀಟು. ಇಲ್ಲಿ ಮಾತ್ರ ನಾನು ಅಸಲಿಗೆ ಅಂಟಿಕೊಳ್ಳಲಿಲ್ಲ. ಕೆಳಗೆ ಗಟ್ಟಿ ಫೋಮು, ಮೇಲೆ ಮೆತ್ತನೆಯದು, ಎರಡು ಪದರ. ಹಿಂದಿನ ಸವಾರನ ಕಡೆ ಒಂದು ಬೆರಳು ಅಗಲ ಜಾಸ್ತಿ. ಪೂರ್ತಿ ಮೆತ್ತಗಿದ್ದರೆ ಹತ್ತು ನಿಮಿಷ ಹಾಯಾಗಿರುತ್ತೆ, ಆಮೇಲೆ ತಳ ತಾಗುತ್ತೆ. ರೆಸ್ಟೋರ್ ಮಾಡೋರಲ್ಲಿ ಕೆಲವರು ಇದಕ್ಕೆ ಮುಖ ಸಿಂಡರಿಸ್ತಾರೆ. ಪ್ರದರ್ಶನಕ್ಕೆ ಇಡೋದಾದರೆ ಅವರದ್ದು ಸರಿ. ನನಗೆ ಬೇಕಿದ್ದದ್ದು ಕೀವಾಚ್ಕಾ ಅನ್ನೋ ಹೆಸರು ನಿಜ ಆಗೋದು.

ಕಾಗದದ ವಿಚಾರ ಒಂದು ಮಾತು. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಮಾಡಿಸೋ ನಿಯಮ 2021ರಲ್ಲಿ ಬಂದಿದೆ. ಆದರೆ ಆ ನೋಂದಣಿಯಲ್ಲಿ ದಿನನಿತ್ಯ ಓಡಿಸೋ ಹಾಗಿಲ್ಲ. ಓಡಿಸಬೇಕಾದರೆ ಹಳೇ ಆರ್‌ಸಿಯನ್ನೇ ನವೀಕರಿಸಿ. ನಾವು ಹಾಗೇ ಮಾಡಿದ್ವಿ.

ಮೈಸೂರು ಯಾಕೆ ಸೋತಿತು?

ಇಷ್ಟು ಚೆನ್ನಾಗಿ ಕೂರಿಸೋ ಗಾಡಿ ಯಾಕೆ ನಿಂತುಹೋಯಿತು? 1980ರ ದಶಕದ ನಡುವೆ ಜಪಾನಿ ಕಂಪನಿಗಳ ಕೈಹಿಡಿದು 100 ಸಿಸಿ ಬೈಕುಗಳು ಬಂದವು. 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ 100 ಮತ್ತು ಯಮಹಾ ಆರ್‌ಎಕ್ಸ್ 100. ಹೀರೋ ಹೋಂಡಾದವರು ಲೀಟರಿಗೆ 80 ಕಿಲೋಮೀಟರ್ ಅಂತ ಜಾಹೀರಾತು ಕೊಟ್ಟರು. ಅದರ ಅರ್ಧವೂ ಕೊಡದ, ಆಯಿಲ್ ಬೆರೆಸಿಕೊಂಡು ಹೊಗೆ ಬಿಡೋ 250 ಸಿಸಿ ಟೂ ಸ್ಟ್ರೋಕು ಸಂಬಳದ ಲೆಕ್ಕಕ್ಕೆ ನಿಲ್ಲಲಿಲ್ಲ. ಮೈಸೂರಿನವರು ಸುಮ್ಮನೆ ಕೂತಿರಲಿಲ್ಲ, 1978ರಿಂದ ರೋಡ್‌ಕಿಂಗ್, ಆಮೇಲೆ ಎರಡು ಸಿಲಿಂಡರಿನ 350 ಕೂಡ ತಂದರು. ಆದರೆ ಮಾರುಕಟ್ಟೆ ಕೇಳ್ತಿದ್ದದ್ದು ಮೈಲೇಜು. 1991ರಲ್ಲಿ ಹೊಗೆಯ ಮೇಲೆ ಮಿತಿ ಬಂತು, 1996ರಲ್ಲಿ ಅದು ಇನ್ನೂ ಬಿಗಿಯಾಯಿತು. ಅದೇ ವರ್ಷ ಯಾದವಗಿರಿಯ ಕಾರ್ಖಾನೆ ಮುಚ್ಚಿತು.

ನಾನು ಆಗ ಶಾಲೆ ಹುಡುಗ. ಮುಂದೆ ಮೈಸೂರಿನ ಹುಡುಗರು ಹೆಬ್ಬಾಳು ಕೈಗಾರಿಕಾ ಪ್ರದೇಶದ ಇನ್ಫೋಸಿಸ್ ಕ್ಯಾಂಪಸ್ಸಿನಲ್ಲಿ ತರಬೇತಿ ಮುಗಿಸಿ ಪುಣೆಗೆ ಬಂದೆವು. ಆ ಇನ್ಫೋಸಿಸ್ ಹುಟ್ಟಿದ್ದು 1981ರಲ್ಲಿ, ಇದೇ ಪುಣೆಯಲ್ಲಿ! ಇನ್ನು ಬಾರಾಮತಿಯಲ್ಲಿ ಈಗ ಪಿಯಾಜಿಯೋ ಕಾರ್ಖಾನೆ ಇದೆ. 2012ರಿಂದ ಅಲ್ಲಿ ವೆಸ್ಪಾ ತಯಾರಾಗುತ್ತೆ. ಜಾವಾ ಹೆಸರು 2018ರಲ್ಲಿ, ಯೆಜ್ದಿ ಹೆಸರು 2022ರಲ್ಲಿ ಮತ್ತೆ ಬಂದವು. ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿಯೂ ಅದರಲ್ಲಿ ಪಾಲುದಾರ. ಆದರೆ ಅವು ತಯಾರಾಗೋದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೆಸರು ವಾಪಸ್ ಬಂತು, ಊರಿಗೆ ಬರಲಿಲ್ಲ. ಮೈಸೂರಿನ ಕೈಕೆಲಸ ನೋಡಬೇಕಂದ್ರೆ ಇಂಥ ಕೊಟ್ಟಿಗೆಗಳನ್ನೇ ಹುಡುಕಬೇಕು. ಅದನ್ನ ನೋಡಿದ್ರೆ ಸಾಲದು, ಮೇಲೆ ಕೂರಬೇಕು. ಬಣ್ಣದಲ್ಲಿ ಗೊತ್ತಾಗದ್ದು ಸೊಂಟಕ್ಕೆ ಗೊತ್ತಾಗುತ್ತೆ.

ಜೆಜುರಿವರೆಗೆ

ಕಳೆದ ಚಳಿಗಾಲ ಅಪ್ಪ ಬಂದ್ರು. ಜೇಬಿನಲ್ಲಿ ಪಿನ್ನು. ಬಾರಾಮತಿಯಲ್ಲಿ ಅಜ್ಜಿ "ಬಸಾ, ಬಸಾ" ಅಂತ ಚಹಾ ಕೊಟ್ಟರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರಲ್ಲ, ಆದರೂ ಅರ್ಧ ಗಂಟೆ ಮಾತಾಡಿದ್ರು. ಅಪ್ಪ ಪಿನ್ನು ಒತ್ತಿದ್ರು. ಕೂತಿತು.

ಮೋರ್‌ಗಾಂವ್ ದಾಟಿ ಜೆಜುರಿಗೆ ಹೊರಟೆವು, ಐವತ್ತು ಕಿಲೋಮೀಟರ್ ಆಸುಪಾಸು. ಜೆಜುರಿಯ ಖಂಡೋಬಾ ಅಂದ್ರೆ ನಮ್ಮ ಮೈಲಾರಲಿಂಗನೇ. ಅಲ್ಲಿಯೂ ಅರಿಶಿನ ಎರಚುತ್ತಾರೆ. ಹಿಂದೆ ಗೆಳೆಯ ಕಾರಲ್ಲಿ ಬರ್ತಿದ್ದ, ಅಪ್ಪನಿಗೆ ಆಗದಿದ್ದರೆ ಹತ್ತಿಸಿಕೊಳ್ಳೋಕೆ. ಐವತ್ತರ ವೇಗದಲ್ಲಿ, ಕಬ್ಬಿನ ಟ್ರಾಕ್ಟರುಗಳ ನಡುವೆ ಹೋದೆ. ಪ್ರತಿ ಗುಂಡಿಗೂ ನನ್ನ ಕಿವಿ ಹಿಂದಕ್ಕೇ. ಅಪ್ಪ ಮಾತಾಡಲಿಲ್ಲ. ಮೋರ್‌ಗಾಂವ್‌ನಲ್ಲಿ ಇಳಿದು ಕಾಲು ಕೊಡವಿಕೊಂಡರು. "ಕಾರಲ್ಲಿ ಬರ್ತೀರಾ ಅಪ್ಪಾ?" ಅಂದೆ. ತಲೆ ಅಲ್ಲಾಡಿಸಿ ಮತ್ತೆ ಹತ್ತಿದರು.

ಜೆಜುರಿ ಗುಡ್ಡದ ಕೆಳಗೆ ಗಾಡಿ ನಿಲ್ಲಿಸಿದೆ. ಅಪ್ಪ ನಿಧಾನಕ್ಕೆ ಇಳಿದು, ಸೊಂಟದ ಮೇಲೆ ಕೈಯಿಟ್ಟು ನಿಂತರು. ಈಗ ನೋವು ಅಂತಾರೆ ಅಂದ್ಕೊಂಡೆ.

"ಏರಿನಲ್ಲಿ ಟಿಣ್ ಟಿಣ್ ಅಂತ ಬಡೀತಿತ್ತಲ್ಲ, ಕೇಳಿಸ್ಲಿಲ್ವಾ?" ಅಂದ್ರು. "ಟೈಮಿಂಗ್ ಸ್ವಲ್ಪ ಮುಂದಿದೆ ಕಣೋ. ಕಾಕಾಗೆ ಹೇಳು."

ಸೊಂಟದ ಬಗ್ಗೆ ಒಂದು ಮಾತೂ ಇಲ್ಲ. ವಾಪಸ್ ಬಂದು ಕಾಕಾ ನೋಡಿದರು. ಟೈಮಿಂಗ್ ಮುಂದಿತ್ತು.

ಗಾಡಿ ಅಜ್ಜಿ ಹೇಳಿದ ಹಾಗೆ ಬಾರಾಮತಿಯಲ್ಲೇ ಇದೆ. ಪಿನ್ನನ್ನೂ ಅಪ್ಪ ಅಲ್ಲೇ ಬಿಟ್ಟು ಬಂದ್ರು. ನಿಮ್ಮೂರಲ್ಲೋ, ಇಲ್ಲಿನ ಗೆಳೆಯರ ಊರಲ್ಲೋ ಮೈಸೂರಿನ ಪ್ಲೇಟಿರೋ ಗಾಡಿ ಇದ್ರೆ ಅದರ ಕಥೆ ನಮಗೆ ಬರೆದು ಕಳಿಸಿ. ಯಾರು ಓಡಿಸಿದ್ರು, ಏನು ಹೊತ್ತಿತು, ಏನೇನು ಬದಲಾಯಿಸಿದ್ರು, ಅದನ್ನೂ ಬರೀರಿ. ಮುಂದಿನ ಭಾನುವಾರ ಸಿಗೋಣ. ನಮಸ್ಕಾರ.